ಅಪಾರ್ಟ್‌ಮೆಂಟಿಗೆ ಎಇಡಿ ಬಂತು, ಮುಟ್ಟೋಕೆ ಮಾತ್ರ ಎಲ್ಲರಿಗೂ ಭಯ

ಪ್ರಶ್ನೆ:
ನಮ್ಮದು ಬೆಂಗಳೂರು ಕನಕಪುರ ರಸ್ತೆಯಲ್ಲಿ 140 ಮನೆಗಳ ಅಪಾರ್ಟ್‌ಮೆಂಟ್. ಹೋದ ತಿಂಗಳು ಅಸೋಸಿಯೇಷನ್‌ನಿಂದ ಒಂದು ಎಇಡಿ ತಗೊಂಡೆವು. ಅದೇ, ಹೃದಯ ನಿಂತಾಗ ಎದೆಗೆ ಶಾಕ್ ಕೊಡುವ ಡಬ್ಬಿ. ಡೆಮೊಗೆ ಬಂದ ಹುಡುಗ ಹತ್ತು ನಿಮಿಷದಲ್ಲಿ ಮುಗಿಸಿ ಹೋದ. ಈಗ ಮೀಟಿಂಗ್‌ನಲ್ಲಿ ಒಂದೇ ಮಾತು. ತಲೆಸುತ್ತಿ ಬಿದ್ದವರಿಗೆ ಶಾಕ್ ಕೊಟ್ಟು ಹೆಚ್ಚುಕಮ್ಮಿ ಆದರೆ? ಈಜುಕೊಳದ ಪಕ್ಕ ಬಳಸಿದರೆ ನಮಗೇ ಕರೆಂಟ್ ಹೊಡೆಯಲ್ವಾ? ಪೇಸ್‌ಮೇಕರ್ ಇದ್ದವರಿಗೆ? ಬಳಸಿದವರು, ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಐಸಿಯು ನರ್ಸ್, ಮೈಸೂರು:
ಮೊದಲನೇ ಭಯ ಬಿಟ್ಟುಬಿಡಿ ಸರ್. ಶಾಕ್ ಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ನೀವಲ್ಲ, ಯಂತ್ರ. ಪ್ಯಾಡ್ ಅಂಟಿಸಿದ ಮೇಲೆ ಅದು ಹೃದಯದ ಲಯ ನೋಡುತ್ತದೆ. ಹೃದಯ ಬಡಿಯುವ ಬದಲು ಬರೀ ನಡುಗುತ್ತಿದ್ದರೆ (ನಾವು ವಿಎಫ್ ಅಂತೀವಿ), ಇಲ್ಲಾ ನಾಡಿಯೇ ಸಿಗದ ಹಾಗೆ ವಿಪರೀತ ಓಡುತ್ತಿದ್ದರೆ ಚಾರ್ಜ್ ಆಗುತ್ತದೆ. ಸುಮ್ನೆ ತಲೆಸುತ್ತಿ ಬಿದ್ದವರಿಗೆ ನೀವು ಬಟನ್ ಎಷ್ಟು ಒತ್ತಿದರೂ ಶಾಕ್ ಹೋಗಲ್ಲ. ಪೂರ್ತಿ ನಿಂತ ಹೃದಯಕ್ಕೂ ಕೊಡಲ್ಲ, ಸಿನಿಮಾದಲ್ಲಿ ನೇರ ಗೆರೆ ಬಂದ ತಕ್ಷಣ ಶಾಕ್ ಕೊಡೋದೆಲ್ಲ ಸುಳ್ಳು. "ಶಾಕ್ ಬೇಡ" ಅಂತ ಯಂತ್ರ ಹೇಳಿದರೆ ಆಸಾಮಿ ಸರಿ ಇದ್ದಾರೆ ಅಂತ ಅರ್ಥ ಅಲ್ಲ. ಉಸಿರಿಲ್ಲದಿದ್ದರೆ ಎದೆ ಒತ್ತುತ್ತಲೇ ಇರಬೇಕು.

ಎಡವಟ್ಟಾಗೋದು ಅದಕ್ಕೂ ಮುಂಚೆ. ಬಿದ್ದ ಮೊದಲ ಒಂದೆರಡು ನಿಮಿಷ ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು, ಆಗೊಮ್ಮೆ ಈಗೊಮ್ಮೆ ಗೊರ್ ಅಂತ ಎಳೆಯಬಹುದು. ಅದು ಉಸಿರಲ್ಲ. "ಉಸಿರಾಡ್ತಾ ಇದ್ರು ಸಿಸ್ಟರ್, ಅದಕ್ಕೇ ಕಾಯ್ತಾ ಕೂತ್ವಿ" ಅಂತ ಹೇಳುವ ಮನೆಯವರನ್ನು ನಾನು ತುಂಬಾ ನೋಡಿದ್ದೀನಿ. ಎದೆ ಒತ್ತದೆ, ಶಾಕ್ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಬ್ಯಾಡ್ಮಿಂಟನ್ ಆಡುವವನು, ಹುಬ್ಬಳ್ಳಿ:
ನಾನು ಬಳಸಿದ್ದೀನಿ. ಒಂದೇ ಸಲ, ಅದೂ ಚೆನ್ನಾಗಿ ಅಲ್ಲ.

ಎದುರಿಗೆ ಆಡುತ್ತಿದ್ದವರು ಸರ್ವ್ ಮಾಡಲು ಕೈ ಎತ್ತಿ ಹಾಗೇ ಬಿದ್ದರು. ಕೈಕಾಲು ಸ್ವಲ್ಪ ಅದುರಿತು. ಯಾರೋ "ಫಿಟ್ಸ್" ಅಂದು ಕೈಗೆ ಬೈಕಿನ ಕೀ ಹಿಡಿಸಿದರು, ಇನ್ನೊಬ್ಬರು ಮುಖಕ್ಕೆ ಒಂದು ಬಾಟಲಿ ನೀರು ಸುರಿದರು. ನಮ್ಮ ಕೋಚ್ ಬಂದು ಎಲ್ಲರನ್ನೂ ತಳ್ಳಿ ಎದೆ ಒತ್ತಲು ಶುರು ಮಾಡಿದರು. ಎಇಡಿ ಇದ್ದದ್ದು ರಿಸೆಪ್ಷನ್ ಕಪಾಟಿನಲ್ಲಿ. ಕಪಾಟಿಗೆ ಬೀಗ. ಕೀ ಇದ್ದವನು ಚಹಾ ಕುಡಿಯೋಕೆ ಹೋಗಿದ್ದ. ಗಾಜು ಒಡೆದೆವು.

ಮುಚ್ಚಳ ತೆಗೆದ ಕೂಡಲೇ ಅದೇ ಮಾತಾಡುತ್ತದೆ, ಹೇಳಿದಂತೆ ಮಾಡಿದರಾಯ್ತು. ಆದರೆ ಬೆವರು, ಮೇಲೆ ಸುರಿದ ನೀರು, ಪ್ಯಾಡ್ ಅಂಟಲೇ ಇಲ್ಲ. ನನ್ನ ಟವೆಲ್‌ನಿಂದ ಒರೆಸಿದೆ, ಅದೂ ಒದ್ದೆ. ಎದೆ ತುಂಬ ಕೂದಲು ಬೇರೆ. "ಪ್ಯಾಡ್ ನೋಡಿ, ಪ್ಯಾಡ್ ನೋಡಿ" ಅಂತ ಅದು ಹೇಳುತ್ತಲೇ ಇದೆ. ಕಿತ್ತೆ, ಕೂದಲೂ ಕಿತ್ತು ಬಂತು. ಪುಣ್ಯಕ್ಕೆ ಇನ್ನೊಂದು ಜೊತೆ ಪ್ಯಾಡ್ ಇತ್ತು, ಅದು ಕೂತಿತು. ಶಾಕ್ ಹೋದಾಗ ಮೈ ಸ್ವಲ್ಪ ಜಗ್ಗಿತು, ಅಷ್ಟೇ. ನಾವೆಲ್ಲ ಕಣ್ಣು ಬಿಡ್ತಾರೇನೋ ಅಂತ ಮುಖ ನೋಡುತ್ತಾ ನಿಂತೆವು. "ಮಾರಿ ಏನ್ ನೋಡ್ತೀರಿ, ಒತ್ರಿ!" ಅಂತ ಕೋಚ್ ಕೂಗಿದರು. ಶಾಕ್ ಆದ ಕೂಡಲೇ ಮತ್ತೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಯಂತ್ರವೇ ನಿಲ್ಲಿಸಿ ನೋಡುತ್ತದೆ.

ಅವರು ಉಳಿದರು. ಈಗ ಆಡಲ್ಲ, ಕೂತು ಸ್ಕೋರ್ ಹೇಳ್ತಾರೆ, ಅದರಲ್ಲೂ ಮೋಸ.

ಪ್ರಥಮ ಚಿಕಿತ್ಸೆ ಕಲಿಸುವವರು, ಮಂಗಳೂರು:
ಈಜುಕೊಳದ ವಿಷಯ. ನೀರಿನಿಂದ ಹೊರಗೆ ಎಳೆಯಿರಿ, ನೀರು ನಿಂತ ಜಾಗ ಬಿಟ್ಟು ಮಲಗಿಸಿ, ಎದೆ ಒರೆಸಿ. ನೆಲ ಬರೀ ಒದ್ದೆಯಿದ್ದರೆ ಅಡ್ಡಿಯಿಲ್ಲ, ಒಣಗಿರಬೇಕಾದ್ದು ಎದೆ. ಒಂದು ಪ್ಯಾಡ್ ಬಲಗಡೆ ಕಾಲರ್ ಮೂಳೆಯ ಕೆಳಗೆ, ಇನ್ನೊಂದು ಎಡಗಡೆ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ. ಚಿತ್ರ ಪ್ಯಾಡ್ ಮೇಲೇ ಇರುತ್ತದೆ. ಪೇಸ್‌ಮೇಕರ್ ಇದ್ದರೆ ಚರ್ಮದಡಿ ಉಬ್ಬು ಕಾಣುತ್ತದೆ, ಅದರ ಮೇಲೆ ಬೇಡ, ಸ್ವಲ್ಪ ದೂರ ಅಂಟಿಸಿ. ಎದೆನೋವು ಅಂತ ಮನೆಯಲ್ಲಿ ಮುಲಾಮು ಹಚ್ಚಿರುತ್ತಾರೆ, ಅದನ್ನೂ ಒರೆಸಿ. ಚರ್ಮಕ್ಕೆ ಅಂಟಿಸಿದ ಔಷಧಿ ಪಟ್ಟಿ (ಪ್ಯಾಚ್) ಇದ್ದರೆ ಕಿತ್ತು ಹಾಕಿ. ಮಾಂಗಲ್ಯ ಸರ ಪಕ್ಕಕ್ಕೆ ಸರಿಸಿದರೆ ಸಾಕು, ಬಿಚ್ಚುತ್ತಾ ಕೂರಬೇಡಿ. ಹೆಂಗಸರ ರವಿಕೆ ಕತ್ತರಿಸಲು ಸಂಕೋಚ ಪಟ್ಟು ಹೊತ್ತು ಕಳೆಯುವುದನ್ನು ನಾನು ತರಬೇತಿಯಲ್ಲೇ ನೋಡಿದ್ದೀನಿ, ಅದೂ ಬರೀ ಬೊಂಬೆಗೆ! ಸುತ್ತ ಇಬ್ಬರು ಸೀರೆ ಹಿಡಿದು ಮರೆ ಮಾಡಲಿ, ನೀವು ಕತ್ತರಿಸಿ. 8 ವರ್ಷದೊಳಗಿನ ಮಕ್ಕಳಿಗೆ ಬೇರೆ ಪ್ಯಾಡ್ ಬರುತ್ತದೆ, ಇಲ್ಲದಿದ್ದರೆ ದೊಡ್ಡವರದ್ದನ್ನೇ ಒಂದು ಎದೆಗೆ, ಒಂದು ಬೆನ್ನಿಗೆ.

ನಿಜವಾದ ಅಪಾಯ ಒಂದೇ, ಶಾಕ್ ಹೋಗುವಾಗ ಯಾರಾದರೂ ಮುಟ್ಟಿಕೊಂಡಿರೋದು. ನಮ್ಮಲ್ಲಿ ಹೆಂಡತಿಯೋ ಮಗನೋ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿರುತ್ತಾರೆ, ಅಲ್ವಾ. "ಯಾರೂ ಮುಟ್ಟಬೇಡಿ" ಅಂತ ಜೋರಾಗಿ ಕೂಗಿ, ತಲೆಯಿಂದ ಕಾಲಿನವರೆಗೆ ಒಂದು ಸಲ ಕಣ್ಣಾಡಿಸಿ, ಆಮೇಲೆ ಬಟನ್. ಕೆಲವು ಯಂತ್ರಗಳು ಬಟನ್‌ಗೂ ಕಾಯದೆ ತಾವೇ ಶಾಕ್ ಕೊಡುತ್ತವೆ, ನಿಮ್ಮದು ಯಾವುದು ಅಂತ ಮೊದಲೇ ನೋಡಿಕೊಳ್ಳಿ.

ನಿವೃತ್ತ ಗುಮಾಸ್ತ, ಶಿವಮೊಗ್ಗ:
2021ರಲ್ಲಿ ಅಪ್ಪು ಹೋದಾಗ ನಮ್ಮ ಮನೆಯಲ್ಲಿ ಐದು ಜನ ಇಸಿಜಿ ಮಾಡಿಸಿಕೊಂಡು ಬಂದರು. ಎದೆ ಒತ್ತೋದು ಕಲಿತವರು ಇವತ್ತಿಗೂ ಒಬ್ಬರಿಲ್ಲ, ನಾನೂ ಸೇರಿ.

ಅಪಾರ್ಟ್‌ಮೆಂಟ್ ಮ್ಯಾನೇಜರ್, ವೈಟ್‌ಫೀಲ್ಡ್:
ನಮ್ಮದು ಇಂಗ್ಲಿಷ್‌ನಲ್ಲಿ ಮಾತಾಡುತ್ತದೆ, ರಾತ್ರಿ ಪಾಳಿಯ ಗಾರ್ಡ್‌ಗೆ ಬರಲ್ಲ. ಕನ್ನಡ, ಹಿಂದಿ ಎರಡರಲ್ಲೂ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೀವಿ. ಹಸಿರು ದೀಪ ಇದೆಯಾ ಅಂತ ದಿನಾ ರಿಜಿಸ್ಟರ್‌ನಲ್ಲಿ ಸಹಿ. ಪ್ಯಾಡ್‌ಗೂ ಎಕ್ಸ್‌ಪೈರಿ ಇದೆ, ಬಳಸದೇ ಇದ್ದರೂ ಅಂಟು ಒಣಗುತ್ತದೆ. ಮಾರಿದವರು ಇದನ್ನು ಹೇಳಲ್ಲ. ಒಬ್ಬರು 108ಕ್ಕೆ ಫೋನ್, ಒಬ್ಬರು ಡಬ್ಬಿಗೆ ಓಡೋದು, ಒಬ್ಬರು ಲಿಫ್ಟ್ ಹಿಡಿದು ನಿಲ್ಲೋದು, ಇದನ್ನು ಒಂದು ಭಾನುವಾರ ಆಡಿ ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಆಡಿ ನೋಡಿದೆವು. ಸಿ ಬ್ಲಾಕ್ ಏಳನೇ ಮಹಡಿಯಿಂದ ಕ್ಲಬ್‌ಹೌಸಿಗೆ ಹೋಗಿ ಡಬ್ಬಿ ತರೋಕೆ ಆರು ನಿಮಿಷ ಹಿಡಿಯಿತು, ಅರ್ಧ ಹೊತ್ತು ಲಿಫ್ಟಿಗೇ. ಗೇಟಿನ ಕ್ಯಾಬಿನ್‌ಗೆ ತಂದಿಟ್ಟಿದ್ದೀವಿ, ಜೊತೆಗೆ ಕತ್ತರಿ, ಒಣ ಟವೆಲ್, ಎರಡು ರೇಜರ್. ಕಳ್ಳತನ ಆಗುತ್ತೆ ಅಂತ ಸೆಕ್ರೆಟರಿ ಬೀಗ ತಂದಿದ್ದರು. ಬೀಗ ಈಗ ನಮ್ಮ ಮನೆಯಲ್ಲಿದೆ.