ಎರಡು ಸಾವಿರ ಪಿಡಿಎಫ್ ಒಟ್ಟಿಗೆ ಇಳಿಸಬೇಕು, ಸ್ಕ್ರಿಪ್ಟ್ ಹೇಗಿರಲಿ?

ಪ್ರಶ್ನೆ: ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ ಸುಮಾರು ಎರಡು ಸಾವಿರ ಪಿಡಿಎಫ್ ಲಿಂಕ್‌ಗಳಿವೆ. ಲೂಪ್ ಹಾಕಿ ಕರ್ಲ್‌ನಿಂದ (ಕಮಾಂಡ್ ಕೊಟ್ಟು ಫೈಲ್ ಇಳಿಸುವ ಟೂಲ್) ಇಳಿಸುತ್ತಿದ್ದೇನೆ. ನೆಟ್ ಹೋದರೆ ಮತ್ತೆ ಮೊದಲಿಂದ ಶುರು. ಇಳಿದವುಗಳಲ್ಲೂ ಕೆಲವು ತೆರೆಯುವುದಿಲ್ಲ. ಬಲ್ಲವರು ತಿಳಿಸಿ.

ಉತ್ತರ: ಲೂಪ್ ಬಿಡಿ ಸರ್, ಕರ್ಲ್‌ನಂಥದ್ದೇ ಇನ್ನೊಂದು ಟೂಲ್ ಡಬ್ಲ್ಯುಗೆಟ್ ಸಾಕು. ‘-ಐ’ ಮುಂದೆ ಪಟ್ಟಿಯ ಹೆಸರು ಕೊಡಿ, ಜೊತೆಗೆ ‘-ಸಿ’. ಅರ್ಧ ಇಳಿದದ್ದು ನಿಂತಲ್ಲಿಂದ ಮುಂದುವರಿಯುತ್ತದೆ, ಪೂರ್ತಿ ಇಳಿದದ್ದನ್ನು ಮುಟ್ಟುವುದಿಲ್ಲ. ‘-ಎನ್‌ಸಿ’ ಹಾಕಿ ಎನ್ನುವವರಿದ್ದಾರೆ, ಕೇಳಬೇಡಿ. ಅದು ನೋಡುವುದು ಹೆಸರನ್ನು ಮಾತ್ರ. ಅರ್ಧಂಬರ್ಧ ಫೈಲೂ ಅದರ ಲೆಕ್ಕದಲ್ಲಿ ಮುಗಿದದ್ದೇ.

ನೆಟ್ ಹೋದಾಗ ಇನ್ನೊಂದು ಎಡವಟ್ಟಿದೆ. ಸರ್ವರಿನ ಹೆಸರನ್ನು ಐಪಿಗೆ (ಅದರ ಅಂಕಿ ವಿಳಾಸಕ್ಕೆ) ಬಿಡಿಸಲು ಆಗದಿದ್ದರೆ ಡಬ್ಲ್ಯುಗೆಟ್ ಕಾಯುವುದಿಲ್ಲ, ಮುಂದಿನ ಲಿಂಕಿಗೆ ಹಾರುತ್ತದೆ. ನೀವು ತಿರುಗಿ ನೋಡುವಷ್ಟರಲ್ಲಿ ಉಳಿದ ಪಟ್ಟಿಯೆಲ್ಲ ಫೇಲ್. ‘--ರಿಟ್ರೈ-ಆನ್-ಹೋಸ್ಟ್-ಎರರ್’ ಸೇರಿಸಿ. ‘--ಟೈಮ್‌ಔಟ್=30’ ಕೂಡ ಇರಲಿ. ರೀಡ್ ಟೈಮ್‌ಔಟ್, ಅಂದರೆ ಡೇಟಾ ಬಾರದಿದ್ದಾಗ ಕಾಯುವ ಹೊತ್ತು, ಡೀಫಾಲ್ಟ್ 900 ಸೆಕೆಂಡ್; ಲೈನ್ ಸತ್ತಿದ್ದರೂ ಕಾಲು ಗಂಟೆ ಸುಮ್ಮನೆ ಕೂತಿರುತ್ತದೆ.

ಇನ್ನೊಬ್ಬರು: ‘-ಸಿ’ ಒಳ್ಳೆಯದೇ, ಆದರೆ ಬೇರೆ ಬೇರೆ ಫೋಲ್ಡರುಗಳಲ್ಲಿ ‘ರಿಪೋರ್ಟ್.ಪಿಡಿಎಫ್’ ಎಂಬ ಒಂದೇ ಹೆಸರಿನ ಫೈಲ್‌ಗಳಿದ್ದರೆ ಕೈಕೊಡುತ್ತದೆ. ಎರಡನೆಯದನ್ನು ಮೊದಲನೆಯದರ ಬಾಕಿ ಭಾಗ ಎಂದುಕೊಂಡು ಅದರ ಬಾಲಕ್ಕೇ ಅಂಟಿಸುತ್ತದೆ. ಚಿಕ್ಕದಾಗಿದ್ದರೆ ‘ಆಗಲೇ ಇಳಿದಿದೆ’ ಎಂದು ಬಿಟ್ಟೇಬಿಡುತ್ತದೆ. ‘-ಎಕ್ಸ್’ ಕೊಟ್ಟರೆ ವಿಳಾಸದಂತೆಯೇ ಫೋಲ್ಡರುಗಳಾಗಿ ಈ ಗೊಂದಲ ಇರುವುದಿಲ್ಲ.

ಮತ್ತೊಬ್ಬರು: ತೆರೆಯದ ಪಿಡಿಎಫ್‌ಗಳ ಮೇಲೆ ‘ಫೈಲ್’ ಕಮಾಂಡ್ ಓಡಿಸಿ. ಬಹುತೇಕ ‘ಎಚ್‌ಟಿಎಂಎಲ್’ ಎಂದೇ ಬರುತ್ತದೆ. 404 (ಫೈಲ್ ಇಲ್ಲ ಎಂಬ ಸರ್ವರಿನ ಉತ್ತರ) ಬಂದರೆ ಕರ್ಲ್ ಆ ಎರರ್ ಪುಟವನ್ನೇ ಪಿಡಿಎಫ್ ಹೆಸರಿನಲ್ಲಿ ಉಳಿಸುತ್ತದೆ, ತಪ್ಪಾಯಿತೆಂದು ಹೇಳುವುದೂ ಇಲ್ಲ. ಕರ್ಲ್ ಬಿಡಲಾರಿರಾದರೆ ಸ್ಮಾಲ್ ‘-ಎಫ್’ ಹಾಕಿ, ಎರರ್ ಪುಟ ಉಳಿಸುವುದಿಲ್ಲ. ಲಿಂಕ್ ಬೇರೆ ವಿಳಾಸಕ್ಕೆ ಕಳಿಸಿದರೆ (ರೀಡೈರೆಕ್ಟ್) ಕ್ಯಾಪಿಟಲ್ ‘-ಎಲ್’ ಬೇಕು. ಪಟ್ಟಿ ವಿಂಡೋಸ್‌ನಲ್ಲಿ ತಯಾರಾಗಿದ್ದರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಎಂಬ ಅಕ್ಷರ ಇರುತ್ತದೆ. ಲೂಪಿನಲ್ಲಿ ಅದು ಲಿಂಕಿನ ಜೊತೆಗೇ ಹೋಗಿ ಕರ್ಲ್ 3ನೇ ನಂಬರಿನ ಎರರ್ ಕೊಡುತ್ತದೆ. ಅದನ್ನು ತೆಗೆಯಲು ಪಟ್ಟಿಯ ಮೇಲೆ ಒಮ್ಮೆ ‘ಡಾಸ್2ಯೂನಿಕ್ಸ್’ ಕಮಾಂಡ್ ಹೊಡೆಯಿರಿ.

ಪ್ರಶ್ನೆ ಕೇಳಿದವರು: ಡಬ್ಲ್ಯುಗೆಟ್ ಹಾಕಿದೆ, ಸಮಸ್ಯೆ ಹೋಯಿತು. ಎಕ್ಸ್‌ಆರ್ಗ್ಸ್‌ನಿಂದ (ಪಟ್ಟಿಯ ಸಾಲುಗಳನ್ನು ಕಮಾಂಡ್‌ಗೆ ಹಂಚಿಕೊಡುವ ಟೂಲ್) ನಾಲ್ಕೈದು ಒಟ್ಟಿಗೆ ಓಡಿಸಬಹುದೇ?

ಉತ್ತರ: ಓಡಿಸಬಹುದು, ಆದರೆ ಕ್ಯಾಪಿಟಲ್ ‘-ಪಿ 4’, ಅಂದರೆ ಒಮ್ಮೆಗೆ ನಾಲ್ಕು, ಮೀರಬೇಡಿ. ಲಾಗಿನಲ್ಲಿ 429 ಕಂಡರೆ ಸರ್ವರ್ ‘ನಿಧಾನ’ ಎನ್ನುತ್ತಿದೆ ಎಂದರ್ಥ, ಹಟ ಹಿಡಿದರೆ ಐಪಿ ಬ್ಲಾಕ್ ಆಗಬಹುದು. ಡಬ್ಲ್ಯುಗೆಟ್‌ಗೆ ‘-ಡಬ್ಲ್ಯು 2 --ರ‍್ಯಾಂಡಮ್-ವೇಟ್’ ಕೊಟ್ಟರೆ ಪ್ರತಿ ಫೈಲಿನ ನಡುವೆ 1ರಿಂದ 3 ಸೆಕೆಂಡ್ ಬಿಡುವು. ಆದರೆ ಎಕ್ಸ್‌ಆರ್ಗ್ಸ್‌ಗೆ ‘-ಎನ್ 1’ (ಪ್ರತಿ ಪ್ರೋಸೆಸ್ಸಿಗೆ ಒಂದೇ ಲಿಂಕ್) ಕೊಟ್ಟಿರೋ, ಈ ಬಿಡುವು ಲೆಕ್ಕಕ್ಕೇ ಬರುವುದಿಲ್ಲ. ಅದು ಒಂದೇ ಪ್ರೋಸೆಸ್ಸಿನ ಒಳಗಿನ ಡೌನ್‌ಲೋಡ್‌ಗಳಿಗೆ ಮಾತ್ರ. ‘-ಎನ್ 50’ ಕೊಡಿ.