ರೀಚಾರ್ಜ್ ಜೊತೆ ಬಂದ ಓಟಿಟಿ ಟಿವಿಯಲ್ಲಿ ಬರುತ್ತಿಲ್ಲ, ವರ್ಷದ ಪ್ಲಾನ್ ತೆಗೆದುಕೊಳ್ಳಲಾ?

ಅರಸೀಕೆರೆ ಹುಡುಗಿ:
ನಮಸ್ಕಾರ ಎಲ್ಲರಿಗೂ. ಅಮ್ಮನಿಗೆ ಹೊಸ ಸ್ಮಾರ್ಟ್ ಟಿವಿ ತಂದಿದ್ದೇವೆ. ನನ್ನ ಮೊಬೈಲ್ ರೀಚಾರ್ಜ್ ಜೊತೆ ಒಂದು ಓಟಿಟಿ ಫ್ರೀ ಅಂತ ಬಂದಿತ್ತು, ಫೋನಿನಲ್ಲಿ ಚೆನ್ನಾಗಿ ಓಡುತ್ತದೆ. ಟಿವಿಯಲ್ಲಿ ಅದೇ ನಂಬರ್ ಹಾಕಿ ಓಟಿಪಿ ಕೊಟ್ಟರೆ ಲಾಗಿನ್ ಕೂಡ ಆಗುತ್ತದೆ. ಆದರೆ ಸೀರಿಯಲ್ ಒತ್ತಿದ ಕೂಡಲೇ ಪ್ಲಾನ್ ಅಪ್‌ಗ್ರೇಡ್ ಮಾಡಿ ಎಂದು ಬರುತ್ತದೆ. ಕೇಬಲ್ ತೆಗೆಸಿ, ವರ್ಷದ ಪ್ಲಾನ್ ಹಾಕಿಸಿಬಿಡೋಣ ಅಂತಾನೆ ಅಣ್ಣ. ಅಮ್ಮ ನೋಡುವುದು ಜೀ ಕನ್ನಡ, ಕಲರ್ಸ್ ಕನ್ನಡದ ಸೀರಿಯಲ್‌ಗಳು. ಅಣ್ಣ ಬೆಂಗಳೂರಿನಲ್ಲಿದ್ದಾನೆ, ಅವನೂ ಅದೇ ಅಕೌಂಟ್‌ನಲ್ಲಿ ನೋಡಬೇಕಂತೆ. ಏನು ಮಾಡಲಿ?

ದಾವಣಗೆರೆ ಆಂಟೆನಾ:
ಮೇಡಂ, ನಾನು ಟಿವಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮನೆಮನೆಗೆ ಹೋಗಿ ಟಿವಿ ಹಾಕಿಕೊಡುತ್ತೇನೆ. ನೀವು ಕೇಳಿದ್ದನ್ನು ಕೇಳದ ಮನೆಯೇ ಇಲ್ಲ. ನಿಮಗೆ ಸಿಕ್ಕಿರುವುದು ಮೊಬೈಲ್ ಪ್ಲಾನ್. ಅದು ಫೋನಿನ ಪರದೆಗೆ ಮಾತ್ರ. ಲಾಗಿನ್ ಆಗುವುದು ಬೇರೆ, ಓಡುವುದು ಬೇರೆ. ಟಿವಿ ಕೆಟ್ಟಿಲ್ಲ, ರಿಸೆಟ್ ಮಾಡಲು ಹೋಗಬೇಡಿ.

ಹೆಚ್ಚಿನ ಕಂಪನಿಗಳು ದುಡ್ಡು ತೆಗೆದುಕೊಳ್ಳುವುದು ಪರದೆಯ ಲೆಕ್ಕದಲ್ಲೇ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಇಲ್ಲಿ ದರ ಇಳಿಸಿದಾಗ ತಿಂಗಳಿಗೆ 149 ರೂಪಾಯಿಯದು ಫೋನ್, ಟ್ಯಾಬ್‌ಗೆ ಮಾತ್ರ ಇತ್ತು. 199ರದ್ದು ಟಿವಿಯಲ್ಲೂ ಬರುತ್ತಿತ್ತು, ಆದರೆ ಒಂದು ಹೊತ್ತಿಗೆ ಒಂದೇ ಕಡೆ. 499ಕ್ಕೆ ಎರಡು ಕಡೆ, 649ಕ್ಕೆ ನಾಲ್ಕು ಕಡೆ. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವಾದಾಗಲೂ ಹಾಗೇ: ಮೂರು ತಿಂಗಳಿಗೆ 149 ಮೊಬೈಲ್, 299 ಎರಡು ಪರದೆ, 499 ನಾಲ್ಕು. ದರ ಆಗಾಗ ಬದಲಾಗುತ್ತದೆ, ಕಟ್ಟುವ ದಿನ ಆ್ಯಪ್‌ನಲ್ಲೇ ನೋಡಿ.

ಅಣ್ಣನ ವಿಷಯ. ನೆಟ್‌ಫ್ಲಿಕ್ಸ್ 2023ರ ಜುಲೈಯಿಂದ ಒಂದು ಅಕೌಂಟ್ ಒಂದೇ ಮನೆಗೆ ಎಂದು ಇಲ್ಲೂ ಬಿಗಿ ಮಾಡಿದೆ. ಅರಸೀಕೆರೆ ಒಂದು ಮನೆ, ಬೆಂಗಳೂರು ಇನ್ನೊಂದು ಮನೆ. ಅಣ್ಣ ತನಗೆ ಬೇಕಾದ್ದನ್ನು ತಾನೇ ಹಾಕಿಸಿಕೊಳ್ಳಲಿ. ಅಮ್ಮ ನೋಡುತ್ತಿರುವಾಗ ಮಧ್ಯದಲ್ಲಿ ನಿಂತುಹೋದರೆ ಅವರಿಗೆ ಕಾರಣವೂ ಗೊತ್ತಾಗುವುದಿಲ್ಲ, ಪಾಪ.

ಇನ್ನು ಮುಖ್ಯವಾದದ್ದು. ಅಮ್ಮನ ಸೀರಿಯಲ್‌ಗಳು ಒಂದೇ ಕಡೆ ಸಿಗುವುದಿಲ್ಲ. ಜೀ ಕನ್ನಡದ್ದು ಜೀ5ನಲ್ಲಿ, ಕಲರ್ಸ್ ಕನ್ನಡದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ. ನಾಳೆ ಉದಯ ಟಿವಿ ಬೇಕು ಎಂದರೆ ಸನ್ ನೆಕ್ಸ್ಟ್. ಅಂದರೆ ಈಗಲೇ ಎರಡು ಚಂದಾ ಆಯ್ತು.

ಕುಮಟಾ ಕಡಲು:
ವರ್ಷದ್ದು ಬೇಡ ಅಂತಲೇ ನನ್ನ ಅಭಿಪ್ರಾಯ. ಕಟ್ಟಿದ ಮೇಲೆ ಷರತ್ತು ಬದಲಾಗಬಹುದು. ಪ್ರೈಮ್ ವಿಡಿಯೋದಲ್ಲಿ 2025ರ ಜೂನ್‌ನಿಂದ ಜಾಹೀರಾತು ಬಂತು. ಅದು ಬೇಡವೆಂದರೆ ಆಗ ವರ್ಷಕ್ಕೆ 699 ಬೇರೆ ಕಟ್ಟಬೇಕಿತ್ತು. ವರ್ಷದ ದುಡ್ಡು ಮೊದಲೇ ಕಟ್ಟಿದ್ದವರಿಗೂ ಅಷ್ಟೇ.

ಅರಸೀಕೆರೆ ಹುಡುಗಿ:
ತುಂಬಾ ಥ್ಯಾಂಕ್ಸ್. ಸದ್ಯ ಒಂದು ತಿಂಗಳದ್ದು ನೋಡುತ್ತೇನೆ. ಆಟೋಪೇ ಕೇಳುತ್ತಿದೆ, ಕೊಡಬಹುದಾ? ಮನೆಯಲ್ಲಿ ವೈಫೈ ಇಲ್ಲ, ಫೋನಿನ ಹಾಟ್‌ಸ್ಪಾಟ್ ಸಾಕಾ? ದಿನಕ್ಕೆ 2 ಜಿಬಿ ಇದೆ.

ದಾವಣಗೆರೆ ಆಂಟೆನಾ:
ಹಾಟ್‌ಸ್ಪಾಟ್ ಸಾಲುವುದಿಲ್ಲ ಮೇಡಂ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಹೋಗಬಹುದು ಎಂದು ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ, 4ಕೆ ಆದರೆ 7 ಜಿಬಿ. ನಿಮ್ಮ 2 ಜಿಬಿ 40 ನಿಮಿಷಕ್ಕೇ ಖಾಲಿ ಆಗಬಹುದು. ಆ್ಯಪ್ ಸೆಟ್ಟಿಂಗ್‌ನಲ್ಲಿ ಕ್ವಾಲಿಟಿ ಕಡಿಮೆ ಇಟ್ಟರೆ ಒಂದೆರಡು ಸೀರಿಯಲ್ ಆಗುತ್ತದೆ, ಅಷ್ಟೇ. ಮನೆಗೆ ಹಾಕಿಸಬೇಕಾದ ಫೈಬರ್ ಇಂಟರ್ನೆಟ್ ಬಿಲ್ಲನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ, ಆಮೇಲೆ ಕೇಬಲ್ ಬಿಲ್ ಪಕ್ಕ ಇಟ್ಟು ನೋಡಿ.

ಆಟೋಪೇ ಕೊಟ್ಟರೆ ಹೆದರಬೇಕಿಲ್ಲ, ಆದರೆ ಮರೆಯಬೇಡಿ. ಆರ್‌ಬಿಐ ನಿಯಮದ ಪ್ರಕಾರ ದುಡ್ಡು ಕಡಿತ ಆಗುವ 24 ಗಂಟೆ ಮೊದಲೇ ಮೆಸೇಜ್ ಬರಬೇಕು. ಅಮ್ಮನ ಫೋನಿಗೆ ಬಂದರೆ ಅವರು ಓದುವುದಿಲ್ಲ, ನಿಮ್ಮ ನಂಬರಿನಿಂದಲೇ ಕಟ್ಟಿ. ಬೇಡವಾದಾಗ ಟಿವಿಯಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಓಟಿಟಿ ಅಕೌಂಟ್‌ನಲ್ಲಿ ಕ್ಯಾನ್ಸಲ್ ಮಾಡಿ, ಜೊತೆಗೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ಅಲ್ಲೂ ತೆಗೆಯಿರಿ. ನಿಲ್ಲಿಸಲು ಬಿಡದೆ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹಾಗೆ ಸಿಕ್ಕಿಹಾಕಿಸುವುದನ್ನು 2023ರಲ್ಲೇ ಸರ್ಕಾರ ನಿಷೇಧಿಸಿದೆ.

ಕೇಬಲ್ ಮಾತ್ರ ಈಗಲೇ ತೆಗೆಸಬೇಡಿ. ಅಮ್ಮನಿಗೆ ರಿಮೋಟ್‌ನಲ್ಲಿ ನಂಬರ್ ಒತ್ತಿ ಅಭ್ಯಾಸ. ಎರಡು ಆ್ಯಪ್‌ಗಳ ನಡುವೆ ಹುಡುಕಿ ತೆರೆಯುವುದು ಅವರಿಗೆ ಒಗ್ಗುತ್ತದಾ ಅಂತ ಈ ತಿಂಗಳು ನೋಡಿ, ನಿರ್ಧಾರ ಅವರಿಗೇ ಬಿಡಿ.