ಪದಚರ್ಚೆ: ‘ನೋ ಸೈಡ್’ಗೆ ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ. ಮಕ್ಕಳ ಪತ್ರಿಕೆಗಾಗಿ ಜಪಾನಿನ ಹನಜೊನೊ ರಗ್ಬಿ ಮೈದಾನದ ಲೇಖನ ಅನುವಾದಿಸುತ್ತಿದ್ದೇನೆ. ಸಂಜೆ ಪುಟ ಅಚ್ಚಿಗೆ ಹೋಗುತ್ತದೆ. ಒಸಾಕಾ ಪಕ್ಕದ ಹಿಗಾಶಿ ಒಸಾಕಾದಲ್ಲಿ 1929ರಲ್ಲಿ ರೈಲು ಕಂಪನಿಯೊಂದು ಕಟ್ಟಿಸಿದ್ದು. ರಗ್ಬಿಗೆಂದೇ ಕಟ್ಟಿದ ಜಪಾನಿನ ಮೊದಲ ಮೈದಾನ. 2019ರ ವಿಶ್ವಕಪ್ ಪಂದ್ಯಗಳೂ ಇಲ್ಲಿ ನಡೆದವು. ಹೈಸ್ಕೂಲು ಹುಡುಗರ ರಾಷ್ಟ್ರೀಯ ಟೂರ್ನಿ ಪ್ರತಿ ವರ್ಷ ಡಿಸೆಂಬರ್ ಕೊನೆಗೆ ಇಲ್ಲೇ. ಹಾಗಾಗಿ ‘ಹನಜೊನೊಗೆ ಹೋಗ್ತೀವಿ’ ಅಂದರೆ ಆ ಟೂರ್ನಿಗೆ ಆಯ್ಕೆ ಆಗ್ತೀವಿ ಅಂತಲೇ ಅರ್ಥ.

ತೊಡಕು ಕೊನೆಯ ಸಾಲಿನಲ್ಲಿದೆ. ಆಟ ಮುಗಿದ ಸೀಟಿಗೆ ಜಪಾನಿಗರು ಇಂದಿಗೂ ‘ನೋ ಸೈಡೊ’ ಅನ್ನುತ್ತಾರೆ. ಇನ್ನು ಆ ಕಡೆ ಈ ಕಡೆ ಇಲ್ಲ ಅಂತ. ಇಂಗ್ಲಿಷಿನವರೇ ಇದನ್ನು ಬಿಟ್ಟು ‘ಫುಲ್ ಟೈಮ್’ ಹಿಡಿದರು. ನಾನು ಬರೆದಿರುವ ‘ಆಟ ಮುಕ್ತಾಯ’ ತೀರಾ ಸಪ್ಪೆ. ಏನು ಹಾಕಲಿ?

ಮರು:
ಮೊದಲು ‘ಮೈದಾನ’ ತೆಗೆಯಿರಿ, ಪಾರಸಿ ಮಾತು. ‘ಆಟದ ಬಯಲು’ ಅನ್ನಿ. ಹನಜೊನೊ ಅಂದರೆ ಹೂದೋಟ, ಅದನ್ನೂ ಕನ್ನಡಿಸಬಹುದು. ನೋ ಸೈಡ್‌ಗೆ ‘ಕಡೆಯಿಲ್ಲ’. ಕಡೆ ಅಪ್ಪಟ ದ್ರಾವಿಡ ಮಾತು. ತಮಿಳಿನ ಕಡೈ, ತೆಲುಗಿನ ಕಡ ನೋಡಿ.

ಮರು:
ಆಗಲ್ಲ. ‘ಕಡೆಯಿಲ್ಲ’ ಅಂದರೆ ಕೊನೆಯಿಲ್ಲ ಅಂತ ಓದುತ್ತಾರೆ. ಆಟ ಮುಗಿದಾಗ ಹೇಳುವ ಮಾತಾ ಅದು? ಊರ ಹೆಸರು ಮುಟ್ಟಬೇಡಿ. ಲಾಲ್‌ಬಾಗನ್ನು ಕೆಂಪುತೋಟ ಅಂತೀರಾ? ‘ನೋ ಸೈಡ್’ ಹಾಗೇ ಇರಲಿ. ನಾವು ರನ್, ವಿಕೆಟ್, ಔಟ್ ಇಟ್ಟುಕೊಂಡಿಲ್ವಾ? ಜಪಾನಿಗರೂ ಎರವಲು ಮಾತನ್ನೇ ಮನೆಮಾತು ಮಾಡಿಕೊಂಡಿದ್ದಾರೆ.

ಮರು:
ಅದೇ ಜಪಾನಿಗರು ಬೇಸ್‌ಬಾಲಿಗೆ ‘ಯಕ್ಯೂ’ ಅಂತ ಸ್ವಂತ ಪದ ಕಟ್ಟಿದರು. ಅದನ್ನು ಮಾತ್ರ ನೀವು ಹೇಳಲ್ಲ. ಸೋಮಾರಿತನಕ್ಕೆ ಉದಾರತೆ ಅಂತ ಹೆಸರಿಡಬೇಡಿ.

ಮರು:
‘ಯಕ್ಯೂ’ದ ಎರಡೂ ತುಂಡು ಚೀನೀ ಮೂಲದವು. ನಿಮ್ಮ ಲೆಕ್ಕದಲ್ಲಿ ಅದೂ ಎರವಲೇ.

ಮರು:
ಇಬ್ಬರಿಗೂ ವಂದನೆ. ‘ನೋ ಸೈಡ್! ಇನ್ನು ಆ ಕಡೆ ಈ ಕಡೆ ಇಲ್ಲ’ ಅಂತ ಹಾಕಿದ್ದೇನೆ. ಮೈದಾನವೂ ಉಳಿಯುತ್ತದೆ, ಮಕ್ಕಳಿಗೆ ಗೊತ್ತಿರುವ ಮಾತು. ಚಿತ್ರದ ಅಡಿಬರಹದಲ್ಲಿ ‘ಟ್ರೈ’ ಬಾಕಿ ಇದೆ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದರೆ 5 ಅಂಕ, ಅದು. ‘ಪ್ರಯತ್ನ’ ಬೇಡ, ಅಂಕ ಬಂದಾಗಿದೆ. ಐದು ಗಂಟೆಯೊಳಗೆ ತಿಳಿಸಿ.